ಬ್ಯಾಡ್ಜು ಕೊಟ್ಟರು, ಪೆನ್ನು ಕೊಡಲಿಲ್ಲ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳು ಒಂದು ಪ್ಲಾಸ್ಟಿಕ್ ಫೈಲು ತಂದು ನನ್ನ ಮುಂದಿಟ್ಟಳು. ನಮ್ಮ ಕಡೆ ಇದೊಂದು ಪದ್ಧತಿ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡೋನು ಹಬ್ಬಕ್ಕೆ ಬಂದ ಅಂದ್ರೆ ಸಾಕು, ಮೊಬೈಲ್ ಸರಿಮಾಡೋದರಿಂದ ಹಿಡಿದು ಪಹಣಿ ತೆಗೆದುಕೊಡೋವರೆಗೆ ಎಲ್ಲ ಅವನ ತಲೆಗೆ. ರೆಸ್ಯೂಮೆ ಬರೆದುಕೊಡೋದೂ ಅದರಲ್ಲಿ ಒಂದು. ಪುಟ್ಟಿ ಹತ್ತಿರದ ಪಟ್ಟಣದ ಕಾಲೇಜಿನಲ್ಲಿ ಪತ್ರಿಕೋದ್ಯಮ ತಗೊಂಡು ಬಿ.ಎ. ಕೊನೇ ವರ್ಷ ಓದುತ್ತಿದ್ದಾಳೆ. ಫೈಲಿನಲ್ಲಿ ಮೂರು ಸರ್ಟಿಫಿಕೇಟು: ಸ್ಟೂಡೆಂಟ್ ಎಡಿಟರ್, ಪಿಯರ್ ಮೆಂಟರ್, ಮೀಡಿಯಾ ಕ್ಲಬ್ ಕೋಆರ್ಡಿನೇಟರ್. ಜೊತೆಗೆ ಕೊರಳಿಗೆ ಹಾಕಿಕೊಳ್ಳೋ ಬ್ಯಾಡ್ಜು ಬೇರೆ.

ನನಗೆ ನಿಜಕ್ಕೂ ಖುಷಿಯಾಯ್ತು. ನಮ್ಮ ಮನೆತನದಲ್ಲಿ ಎಡಿಟರ್ ಅನ್ನಿಸಿಕೊಂಡವರು ಯಾರೂ ಇಲ್ಲ.

"ಎಡಿಟರ್ ಆಗಿ ಏನೇನು ಮಾಡ್ದೆ ಪುಟ್ಟಿ? ಅದನ್ನೇ ಬರೆಯೋಣ."

"ಸರ್ ಕೊಟ್ಟಿದ್ದನ್ನ ನುಡಿಯಲ್ಲಿ ಟೈಪ್ ಮಾಡಿ ಪುಟ ಕೂರಿಸಿದೆ ಮಾಮ. ಮೊದಲನೇ ಪುಟಕ್ಕೆ ಪ್ರಿನ್ಸಿಪಾಲರ ಫೋಟೋ."

"ಜೂನಿಯರ್ಸ್ ಬರೆದಿದ್ದನ್ನ ತಿದ್ದಿದೆಯಾ?"

"ಅದೆಲ್ಲ ಸರ್ ನೋಡ್ಕೋತಾರೆ. ನಾನ್ಯಾಕೆ ತಿದ್ದಲಿ?"

"ಸರಿ, ಈ ಪಿಯರ್ ಮೆಂಟರ್ ಅಂದ್ರೆ?"

"ಅತಿಥಿ ಉಪನ್ಯಾಸಕರು ಬರೋದು ಎರಡು ತಿಂಗಳು ತಡ ಆಯ್ತಲ್ಲ. ಅಷ್ಟು ದಿನ ಫಸ್ಟ್ ಇಯರ್‌ನವರಿಗೆ ನಾವೇ ಹಳೇ ನೋಟ್ಸ್ ಓದಿ ಹೇಳಿದ್ವಿ."

ಕೊನೆಗೆ, ತಾನಾಗೇ ಒಂದು ಮಾತು ಸೇರಿಸಿದಳು. ಲೇಡೀಸ್ ಹಾಸ್ಟೆಲ್ಲಿನಲ್ಲಿ ವಾರಕ್ಕೆ ನಾಲ್ಕು ದಿನ ನೀರು ಬರಲ್ಲ ಅಂತ ಒಂದು ವರದಿ ಬರೆದಿದ್ದಳಂತೆ. ವಾರ್ಡನ್ ಜೊತೆ, ಅಡುಗೆಯವರ ಜೊತೆ ಮಾತಾಡಿ, ಟ್ಯಾಂಕಿನ ಫೋಟೋ ತೆಗೆದು. "ಇದು ಬೇಡಮ್ಮ, ದೊಡ್ಡವರು ಬೇಜಾರು ಮಾಡ್ಕೋತಾರೆ" ಅಂತ ಪಕ್ಕಕ್ಕಿಟ್ಟು, ಆ ಜಾಗಕ್ಕೆ ಯೋಗ ದಿನದ ಫೋಟೋ ಹಾಕಿದರಂತೆ. ಹಾಕಿದ್ದೂ ಇವಳ ಕೈಯಿಂದಲೇ.

ರೆಸ್ಯೂಮೆ ಬರೆದುಕೊಟ್ಟೆ. ಮೂರೂ ಬಿರುದು ದಪ್ಪಕ್ಷರದಲ್ಲಿ ಹಾಕಿದೆ. ಆದರೆ ರಾತ್ರಿ ಜಗಲಿ ಮೇಲೆ ಮಲಗಿದಾಗ ಏನೋ ಕೊರೆಯೋಕೆ ಶುರುವಾಯ್ತು. ಈ ಹುಡುಗಿಗೆ ಬ್ಯಾಡ್ಜು ಕೊಟ್ಟಿದ್ದಾರೆ, ಪೆನ್ನು ಕೊಟ್ಟಿಲ್ಲ. ಪಾಠ ಮಾಡಿಸಿದ್ದಾರೆ, ಆದರೆ ಅದು ಮೇಷ್ಟ್ರಿಲ್ಲದ ಖಾಲಿ ಕುರ್ಚಿ ತುಂಬಿಸೋಕೆ. ವಿದ್ಯಾರ್ಥಿ ನಾಯಕತ್ವ, ಸಹಪಾಠಿ ಬೋಧನೆ ಅಂತೆಲ್ಲ ಈಗ ಕಾಲೇಜುಗಳು ದೊಡ್ಡದಾಗಿ ಹೇಳಿಕೊಳ್ತವಲ್ಲ, ಪತ್ರಿಕೋದ್ಯಮ ವಿಭಾಗದಲ್ಲಿ ಅದರ ಅರ್ಥ ಏನಾಗಬೇಕು? ಇವತ್ತಿನ ಬರಹ ಅದರ ಬಗ್ಗೆ.

ಮೊದಲು ನನ್ನದೊಂದು ಕಥೆ ಹೇಳಿಬಿಡ್ತೀನಿ. ನಾನು ಓದಿದ್ದು ಒಬ್ಬರೇ ಮೇಷ್ಟ್ರಿದ್ದ ಶಾಲೆ. ನಾಲ್ಕು ಕ್ಲಾಸು, ಒಂದು ಕೋಣೆ. ಮೇಷ್ಟ್ರು ತಾಲ್ಲೂಕಾಫೀಸಿಗೆ ಅಂತಲೋ, ಪೇಟೆಗೆ ಅಂತಲೋ ಹೊರಟರೆ ನಾಲ್ಕನೇ ಕ್ಲಾಸಿನವರು ಚಿಕ್ಕವರಿಗೆ ಮಗ್ಗಿ ಹೇಳಿಕೊಡಬೇಕಿತ್ತು. ಒಂದು ದಿನ ನನ್ನ ಸರದಿ. ಕೈಯಲ್ಲಿ ಕೋಲು, ಭಾರೀ ಗತ್ತು. ಆ ಗತ್ತಿನಲ್ಲೇ "ಏಳೆಂಟ್ಲ ಐವತ್ನಾಲ್ಕು" ಅಂತ ಹೇಳಿಕೊಟ್ಟುಬಿಟ್ಟೆ. ಹದಿನೈದು ಮಕ್ಕಳು ಸೂರು ಹಾರೋ ಹಾಗೆ ಅದನ್ನೇ ಕೂಗ್ತಿದ್ದಾಗ ಮೇಷ್ಟ್ರು ವಾಪಸ್ ಬಂದರು.

ಹೊಡೀತಾರೆ ಅಂದುಕೊಂಡೆ. ಹೊಡೀಲಿಲ್ಲ. ಪಕ್ಕಕ್ಕೆ ಕರೆದು "ಏಳನ್ನ ಎಂಟು ಸಲ ಕೂಡು" ಅಂದರು. ಕೂಡಿದೆ, ಐವತ್ತಾರು ಬಂತು. "ಸರಿ, ಹೋಗಿ ನೀನೇ ಹೇಳು, ನಾನು ತಪ್ಪು ಹೇಳ್ಕೊಟ್ಟಿದ್ದೆ ಅಂತ." ಆ ಹದಿನೈದು ಮಕ್ಕಳ ಎದುರು ನಿಂತು ಆ ಮಾತು ಹೇಳೋ ಹೊತ್ತಿಗೆ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಆ ಮಕ್ಕಳಿಗೆ ಅದು ಎಷ್ಟು ದಿನ ನೆನಪಿತ್ತೋ ಗೊತ್ತಿಲ್ಲ. ನನಗೆ ಮಾತ್ರ ಏಳೆಂಟ್ಲ ಐವತ್ತಾರು ಸಾಯೋವರೆಗೂ ಮರೆಯಲ್ಲ. ಕಲಿಸೋ ಕೆಲಸ ಕೊಟ್ಟವರು ತಪ್ಪನ್ನ ಒಪ್ಪಿಕೊಳ್ಳೋ ಕೆಲಸವನ್ನೂ ನನಗೇ ಕೊಟ್ಟರು. ಎರಡನೇದು ಇಲ್ಲದಿದ್ದರೆ ಮೊದಲನೇದು ಬರೀ ಕೋಲು ಹಿಡಿಯೋ ಆಟ ಆಗ್ತಿತ್ತು.

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸೋ ಈ ಪದ್ಧತಿ ಹೊರಗಿಂದ ಬಂದಿದ್ದಲ್ಲ ಅನ್ನೋದು ನನಗೆ ತಿಳಿದದ್ದು ಬಹಳ ತಡವಾಗಿ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಉತ್ತರ ಕಳಿಸಿದ. ಆಗಿನ ಬಳ್ಳಾರಿ ಜಿಲ್ಲೆ ಇವತ್ತಿಗಿಂತ ದೊಡ್ಡದು. ಒಟ್ಟು 533 ಶಾಲೆ, ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದವರು 6,641 ಮಕ್ಕಳು, ಅವರಲ್ಲಿ ಹುಡುಗಿಯರು ಬರೀ 60. ಆ ವರದಿಯಲ್ಲಿ ಅವನು ಒಂದು ವಿಷಯ ಮೆಚ್ಚಿ ಬರೆದಿದ್ದಾನೆ: ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತಾರೆ, ಹಾಗೆ ಕಲಿಸುತ್ತಾ ತಮ್ಮ ಓದನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಇಂಗ್ಲೆಂಡು ಇದನ್ನ ಅನುಕರಿಸಿದ್ದು ಸರಿಯಾಗೇ ಇದೆ ಅಂತ. ಅದೇ ಉಸಿರಿನಲ್ಲಿ, ಮಕ್ಕಳು ಅರ್ಥ ಗೊತ್ತಿಲ್ಲದೆ ಪದ್ಯ ಉರು ಹೊಡೀತಾರೆ ಅಂತ ಬೈದೂ ಇದ್ದಾನೆ.

ಇಂಗ್ಲೆಂಡು ಅನುಕರಿಸಿದ್ದು ಹೇಗೆ? ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯೋದನ್ನ ನೋಡಿ ತನ್ನ ಶಾಲೆಯಲ್ಲೂ ಶುರುಮಾಡಿದ, ದೊಡ್ಡ ಹುಡುಗರನ್ನೇ ಮೇಷ್ಟ್ರು ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ತಂದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಅಂತಲೇ ಹೆಸರಾಯ್ತು. ಜೋಸೆಫ್ ಲ್ಯಾಂಕಾಸ್ಟರ್ ಅನ್ನೋನು ಲಂಡನ್ನಿನಲ್ಲೇ ಇಂಥದ್ದೇ ಇನ್ನೊಂದು ಪದ್ಧತಿ ಶುರುಮಾಡಿದ. ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರು ಸಾಕು, ಖರ್ಚು ಕಡಿಮೆ. ಅಲ್ಲೇ ಅದು ಹಾಳಾಗಿದ್ದು. ಹುಡುಗ ಹುಡುಗನಿಗೆ ಕಲಿಸೋದರ ಗುಣಕ್ಕಿಂತ ಅದರ ಅಗ್ಗವೇ ಮುಖ್ಯವಾಯ್ತು. ಕೊನೆಗೆ ಉಳಿದದ್ದು ಗಿಳಿಪಾಠ. 1846ರಲ್ಲಿ ಅಲ್ಲಿನ ಸರ್ಕಾರ ಬೇರೆ ದಾರಿ ಹಿಡಿದು, ಕಲಿಸೋ ವಿದ್ಯಾರ್ಥಿಗಳಿಗೆ ಐದು ವರ್ಷದ ತರಬೇತಿ ಮತ್ತು ಭತ್ಯೆ ಕೊಡೋ ವ್ಯವಸ್ಥೆ ತಂತು.

ನಮ್ಮ ಪುಟ್ಟಿಯ ಪಿಯರ್ ಮೆಂಟರ್ ಕಥೆಯಲ್ಲಿ ಹೊಸದೇನಿದೆ ಹೇಳಿ? ಇನ್ನೂರು ವರ್ಷ ಹಳೇ ರೋಗ ಅದು. ವಿದ್ಯಾರ್ಥಿಯಿಂದ ಕಲಿಸೋದು ಅಂದ್ರೆ ಸಂಬಳ ಉಳಿಸೋದು. ಹೆಸರು ಮಾತ್ರ ಹೊಸದು.

ಪತ್ರಿಕೋದ್ಯಮದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕಲಿಸೋದು ಅಂದ್ರೆ ತಿದ್ದೋದು. ಹಿರಿಯ ಕಿರಿಯನ ವರದಿ ಎದುರಿಗಿಟ್ಟುಕೊಂಡು, 'ಇದನ್ನ ಯಾರು ಹೇಳಿದ್ರು? ಆ ಕಡೆಯವರನ್ನ ಕೇಳಿದೆಯಾ? ಈ ಅಂಕಿ ಎಲ್ಲಿಂದ ಬಂತು?' ಅಂತ ಕೇಳಬೇಕು. ಆ ಪ್ರಶ್ನೆ ಕೇಳೋ ಅಧಿಕಾರ ಯಾರಿಗಿದೆಯೋ ಅವನೇ ಎಡಿಟರ್, ಅವನೇ ಮೇಷ್ಟ್ರು. ತಿದ್ದೋಕೆ ಬಿಡದೆ ಎಡಿಟರ್ ಅಂತ ಕರೆದರೆ ಅದು ಟೈಪಿಸ್ಟಿಗೆ ಇಟ್ಟ ಅಡ್ಡಹೆಸರು ಅಷ್ಟೆ.

2019ರ ಕೊನೆಯಲ್ಲಿ ನನ್ನನ್ನ ಆನ್‌ಸೈಟ್ ಅಂತ ಶಿಕಾಗೊಗೆ ಕಳಿಸಿದ್ದರು. ಕ್ಲೈಂಟ್ ಆಫೀಸು ಇದ್ದದ್ದು ಉತ್ತರಕ್ಕೆ, ಇವಾನ್‌ಸ್ಟನ್ ಊರಿನಲ್ಲಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಇರೋದು ಅಲ್ಲೇ, ಅದರ ಮೆಡಿಲ್ ಪತ್ರಿಕೋದ್ಯಮ ಶಾಲೆ 1921ರಿಂದ ಇದೆ. ಆದರೆ ವಿದ್ಯಾರ್ಥಿಗಳು ತರೋ 'ಡೈಲಿ ನಾರ್ತ್‌ವೆಸ್ಟರ್ನ್' ಪತ್ರಿಕೆ ಆ ಶಾಲೆಗಿಂತ ಹಳೇದು, 1881ರದ್ದು. ಅದು ಶಾಲೆಯ ಕೈಕೆಳಗಿಲ್ಲ, ಪ್ರತ್ಯೇಕ. ವರದಿ ಮಾಡೋರು, ತಿದ್ದೋರು, ಏನು ಹಾಕಬೇಕು ಏನು ಬಿಡಬೇಕು ಅಂತ ತೀರ್ಮಾನ ಮಾಡೋರು ಎಲ್ಲ ಹುಡುಗ ಹುಡುಗಿಯರೇ, ಬಹಳಷ್ಟು ಮಂದಿ ಮೆಡಿಲ್‌ನಲ್ಲಿ ಓದೋರು. ಊರಲ್ಲಿ ಪುಕ್ಕಟೆ ಸಿಗುತ್ತೆ. ಬೆಳಿಗ್ಗೆ ಕಾಫಿ ಜೊತೆ ಓದೋದು ನನಗೆ ಅಭ್ಯಾಸವಾಗಿತ್ತು.

ಆ ನವೆಂಬರ್ 5ರಂದು ಅಮೆರಿಕದ ಮಾಜಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಕ್ಯಾಂಪಸ್ಸಿಗೆ ಭಾಷಣಕ್ಕೆ ಬಂದರು. ವಿದ್ಯಾರ್ಥಿಗಳ ಪ್ರತಿಭಟನೆ ನಡೆಯಿತು. ಪತ್ರಿಕೆಯ ಹುಡುಗರು ಫೋಟೋ ತೆಗೆದರು, ಕ್ಯಾಂಪಸ್ ಡೈರೆಕ್ಟರಿಯಲ್ಲಿ ನಂಬರ್ ಹುಡುಕಿ ಪ್ರತಿಭಟನಾಕಾರರಿಗೆ ಮೆಸೇಜ್ ಮಾಡಿ ಮಾತಾಡ್ತೀರಾ ಅಂತ ಕೇಳಿದರು. ಯಾವ ವರದಿಗಾರನಾದರೂ ಮಾಡೋ ಕೆಲಸ. ಆದರೆ ಪ್ರತಿಭಟನೆ ಮಾಡಿದವರಿಗೆ ಸಿಟ್ಟು ಬಂತು: ನಮ್ಮ ಮುಖ ತೋರಿಸಿ ನಮ್ಮನ್ನ ಅಪಾಯಕ್ಕೆ ಒಡ್ಡಿದ್ದೀರಿ, ನಮ್ಮ ನೋವಿನ ಮೇಲೆ ಕ್ಯಾಮೆರಾ ಹಿಡಿದಿದ್ದೀರಿ ಅಂತ. ಐದು ದಿನ ಆದಮೇಲೆ, ನವೆಂಬರ್ 10ರಂದು, ಸಂಪಾದಕರು ಸಂಪಾದಕೀಯ ಬರೆದು ಕ್ಷಮೆ ಕೇಳಿದರು. ಫೋಟೋ ಹಾಕಿದ್ದಕ್ಕೂ, ಮೆಸೇಜ್ ಮಾಡಿದ್ದಕ್ಕೂ.

ದೇಶದ ತುಂಬ ಪತ್ರಕರ್ತರು ಮುಗಿಬಿದ್ದರು. ಸುದ್ದಿ ಮಾಡಿದ್ದಕ್ಕೆ ಕ್ಷಮೆ ಕೇಳೋ ಪತ್ರಿಕೆ ಎಂಥ ಪತ್ರಿಕೆ, ಇವರಿಗೆ ಶಾಲೆಯಲ್ಲಿ ಕಲಿಸಿದ್ದೇನು ಅಂತ ಟ್ವಿಟರ್‌ನಲ್ಲಿ ದಿನಗಟ್ಟಲೆ ಬೈಗುಳ. ನಮ್ಮ ಆಫೀಸಿನ ಊಟದ ಮೇಜಿನಲ್ಲೂ ಅದೇ ಮಾತು. ಆಗ ಮೆಡಿಲ್‌ನ ಡೀನ್ ಚಾರ್ಲ್ಸ್ ವಿಟಾಕರ್ ಒಂದು ಹೇಳಿಕೆ ಕೊಟ್ಟರು. ಹುಡುಗರ ವರದಿಗಾರಿಕೆ ಸರಿಯಾಗೇ ಇತ್ತು, ಕ್ಷಮೆ ಕೇಳಬೇಕಿರಲಿಲ್ಲ ಅಂತ ನೇರವಾಗಿ ಹೇಳಿದರು. ಆ ಹುಡುಗರನ್ನ ಹೆದರಿಸಿದ ಪ್ರತಿಭಟನಾಕಾರರಿಗೂ ಹೇಳಿದರು, ಹೊರಗೆ ಕೂತು ಕಲ್ಲೆಸೆಯುತ್ತಿದ್ದ ದೊಡ್ಡ ಪತ್ರಕರ್ತರಿಗೂ ಹೇಳಿದರು: ಇವರಿನ್ನೂ ಕಲಿಯೋರು, ಬಿಡಿ ಅಂತ. ಆದರೆ ಆ ಸಂಪಾದಕೀಯ ತೆಗೆಸಲಿಲ್ಲ. ತೆಗೆಸೋ ಅಧಿಕಾರವೂ ಅವರಿಗಿರಲಿಲ್ಲ. ಪತ್ರಿಕೆ ಹುಡುಗರದ್ದು.

ನನಗೆ ನಮ್ಮ ಶಾಲೆಯ ಮೇಷ್ಟ್ರು ನೆನಪಾದರು. ತಪ್ಪು ತಪ್ಪೇ ಅಂತ ಹೇಳಬೇಕು, ಆದರೆ ಕೋಲನ್ನ ಕೈಯಿಂದ ಕಸಿದುಕೊಳ್ಳಬಾರದು.

ಆ ಸಂಪಾದಕರು ಹೇಡಿಗಳು ಅಂತ ಸುಲಭವಾಗಿ ಅಂದುಬಿಡಬಹುದು. ನಾನು ಅನ್ನಲ್ಲ. ದೊಡ್ಡ ಪತ್ರಿಕೆಯ ಸಂಪಾದಕ ಯಾರ ಬಗ್ಗೆ ಬರೀತಾನೋ ಅವರ ಜೊತೆ ರಾತ್ರಿ ಊಟಕ್ಕೆ ಕೂರಬೇಕಾಗಿಲ್ಲ. ವಿದ್ಯಾರ್ಥಿ ಸಂಪಾದಕನಿಗೆ ಸುದ್ದಿಯಲ್ಲಿರೋನು, ಸುದ್ದಿ ಓದೋನು, ಸುದ್ದಿ ಬರೆದೋನು, ಪಕ್ಕದ ರೂಮಿನೋನು ಎಲ್ಲ ಒಬ್ಬನೇ. ಓರಗೆಯವರನ್ನ ತಿದ್ದೋದು, ಓರಗೆಯವರಿಗೆ ಬೇಡ ಅನ್ನೋದು ಮೇಷ್ಟ್ರ ಕೆಲಸಕ್ಕಿಂತ ಕಷ್ಟ. ನಾಯಕತ್ವ ಅಂತ ಸರ್ಟಿಫಿಕೇಟಿನಲ್ಲಿ ಬರೀತೀವಲ್ಲ, ಅದರ ಒಳಗಿರೋದು ಈ ಕಷ್ಟ. ಅದನ್ನ ಪಠ್ಯಪುಸ್ತಕದಿಂದ ಕಲಿಸೋಕಾಗಲ್ಲ. ಹಾಗೆ ಸಿಕ್ಕಿಹಾಕಿಕೊಂಡವರು ಮಾತ್ರ ಕಲೀತಾರೆ.

ಮುಂದಿನ ಕಥೆ ಕೇಳಿ. 2023ರ ಜುಲೈ 7ರಂದು ಅದೇ ವಿಶ್ವವಿದ್ಯಾಲಯ, ತನ್ನ ಫುಟ್‌ಬಾಲ್ ತಂಡದಲ್ಲಿ ರ‍್ಯಾಗಿಂಗ್ ನಡೆದಿದೆ ಅಂತ ತನಿಖೆಯ ಸಾರಾಂಶ ಪ್ರಕಟಿಸಿ, ಮುಖ್ಯ ಕೋಚ್‌ನನ್ನ ಎರಡು ವಾರ ಅಮಾನತಿನಲ್ಲಿಟ್ಟು ಕೈ ತೊಳೆದುಕೊಂಡಿತು. ಮಾರನೇ ದಿನವೇ ಡೈಲಿ ನಾರ್ತ್‌ವೆಸ್ಟರ್ನ್, ಮಾಜಿ ಆಟಗಾರನ ಮಾತಿನ ಆಧಾರದ ಮೇಲೆ ಅಲ್ಲಿ ನಡೆದದ್ದು ಎಂಥದ್ದು ಅಂತ ವಿವರವಾಗಿ ಬರೆಯಿತು. ಬೇಸಿಗೆ ರಜೆ, ಕ್ಯಾಂಪಸ್ ಖಾಲಿ. ಆದರೂ ಹುಡುಗರು ಬಿಡಲಿಲ್ಲ. ಜುಲೈ 10ಕ್ಕೆ ಕೋಚ್ ಕೆಲಸ ಹೋಯ್ತು. ತನಗೆ ಇದ್ಯಾವುದೂ ಗೊತ್ತಿರಲಿಲ್ಲ ಅಂತ ಆತ ಹೇಳಿದ, ಕೋರ್ಟಿಗೂ ಹೋದ. ಅದು ಬೇರೆ ವಿಷಯ. ಎರಡು ವಾರದ ಅಮಾನತಿನಲ್ಲಿ ಮುಚ್ಚಿಹೋಗಬಹುದಾಗಿದ್ದ ಸಂಗತಿ ಹೊರಗೆ ಬಂದದ್ದು ವಿದ್ಯಾರ್ಥಿಗಳಿಂದ.

2019ರಲ್ಲಿ ಕ್ಷಮೆ ಕೇಳಿದವರೇ 2023ರಲ್ಲಿ ಬರೆದರು ಅಂತಲ್ಲ, ಅವರು ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದರು. ಕ್ಷಮೆ ಕೇಳಿದ್ದರಿಂದಲೇ ಈ ಧೈರ್ಯ ಬಂತು ಅಂತಲೂ ನಾನು ಹೇಳ್ತಿಲ್ಲ. ಹೇಳ್ತಿರೋದು ಇಷ್ಟೇ: ಎರಡೂ ಸಲ ತೀರ್ಮಾನ ಹುಡುಗರದ್ದೇ. 2019ರ ಗೊಂದಲ ನೋಡಿ 'ಇವರ ಕೈಗೆ ಬೇಡ, ಇನ್ನುಮುಂದೆ ಪ್ರತಿ ಪುಟ ಮೇಷ್ಟ್ರು ನೋಡಲಿ' ಅಂತ ಯಾರಾದರೂ ಮಾಡಿದ್ದರೆ? ವಿಶ್ವವಿದ್ಯಾಲಯದ್ದೇ ಮಾನ ಹೋಗೋ ವರದಿಯನ್ನ, ಅದೇ ವಿಶ್ವವಿದ್ಯಾಲಯದ ಸಂಬಳ ತಗೊಳೋ ಮೇಷ್ಟ್ರು ಜುಲೈ 8ರಂದು ಅಷ್ಟು ಬೇಗ ಬಿಡ್ತಿದ್ದರಾ? ನೀವೇ ಯೋಚಿಸಿ.

'ಹಾಗಾದ್ರೆ ಮೇಷ್ಟ್ರೇ ಬೇಡ್ವಾ?' ಅಂತ ಕೇಳಬಹುದು. ಬೇಕು. ಅದಕ್ಕೆ ಮಿಸೌರಿ ವಿಶ್ವವಿದ್ಯಾಲಯ ನೋಡಬೇಕು. ಅಲ್ಲಿನ ಪತ್ರಿಕೋದ್ಯಮ ಶಾಲೆ ಶುರುವಾದದ್ದು 1908ರ ಸೆಪ್ಟೆಂಬರ್ 14ರಂದು. ಮೊದಲ ಡೀನ್ ವಾಲ್ಟರ್ ವಿಲಿಯಮ್ಸ್, ಕಾಲೇಜು ಪದವಿಯೇ ಇಲ್ಲದ ಪತ್ರಕರ್ತ. ಮೊದಲ ದಿನ ತರಗತಿ ಶುರುವಾಯ್ತು, ಅವತ್ತೇ ಪತ್ರಿಕೆಯೂ ಹೊರಬಂತು. ಇವತ್ತು ಅದರ ಹೆಸರು 'ಕೊಲಂಬಿಯ ಮಿಸೌರಿಯನ್'. ಅದು ಕಾಲೇಜಿನ ಸುದ್ದಿ ಹಾಕೋ ಪತ್ರಿಕೆಯಲ್ಲ, ಊರಿನ ಪತ್ರಿಕೆ. ನಗರಸಭೆ, ಕೋರ್ಟು, ಶಾಲೆ ಎಲ್ಲದಕ್ಕೂ ವಿದ್ಯಾರ್ಥಿ ವರದಿಗಾರ ಹೋಗ್ತಾನೆ. ಮೇಲೆ ಕೂತು ತಿದ್ದೋರು ಅನುಭವಸ್ಥ ಪತ್ರಕರ್ತರಾಗಿದ್ದ ಅಧ್ಯಾಪಕರು. ಈ ಕ್ರಮಕ್ಕೆ 'ಮಿಸೌರಿ ವಿಧಾನ' ಅಂತಲೇ ಹೆಸರು. ನಮಗೂ ಇದಕ್ಕೂ ನಂಟಿದೆ: 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಶುರುಮಾಡಿದ ನಾಡಿಗ ಕೃಷ್ಣಮೂರ್ತಿಯವರು ಓದಿ ಬಂದದ್ದು ಅಲ್ಲೇ.

ಅದೇ ಕ್ಯಾಂಪಸ್ಸಿನಲ್ಲಿ ಇನ್ನೊಂದು ಪತ್ರಿಕೆಯೂ ಇದೆ, 'ಮ್ಯಾನ್‌ಈಟರ್'. 1955ರಿಂದ ಈ ಹೆಸರಲ್ಲಿ ಬರ್ತಿದೆ. ನರಭಕ್ಷಕ ಅಂತ ಹೆಸರಿಡೋ ಧೈರ್ಯ ಹುಡುಗರಿಗೇ ಇರೋದು, ಮೇಷ್ಟ್ರ ಕಮಿಟಿ ಒಪ್ಪುತ್ತಿರಲಿಲ್ಲ ಬಿಡಿ. ಅದು ಪೂರ್ತಿ ವಿದ್ಯಾರ್ಥಿಗಳದ್ದು. ಅಂದರೆ ಒಂದೇ ಊರಲ್ಲಿ ಎರಡು ಪಾಠಶಾಲೆ: ಒಂದರಲ್ಲಿ ಪಳಗಿದ ಕೈ ತಿದ್ದುತ್ತೆ, ಇನ್ನೊಂದರಲ್ಲಿ ಓರಗೆಯ ಕೈ ತಿದ್ದುತ್ತೆ. ಮೊದಲನೆಯದರಲ್ಲಿ ಕಸುಬು ಕಲೀತಾರೆ, ಎರಡನೆಯದರಲ್ಲಿ ತೀರ್ಮಾನ ಮಾಡೋದು ಕಲೀತಾರೆ. ನಮ್ಮ ಬಹಳಷ್ಟು ಕಾಲೇಜುಗಳು ಮಿಸೌರಿಯಿಂದ ಮೊದಲನೆಯದರ ಅರ್ಧ ಮಾತ್ರ ತಂದುಕೊಂಡವು ಅನ್ನಿಸುತ್ತೆ. ಪ್ರಾಯೋಗಿಕ ಪತ್ರಿಕೆ ಬಂತು, ಊರಿನ ಓದುಗ ಬರಲಿಲ್ಲ. ಎರಡನೆಯದಂತೂ ಬರಲೇ ಇಲ್ಲ.

ಎರಡನೆಯದು ಯಾಕೆ ಬೇಕು ಅನ್ನೋದಕ್ಕೆ ಮಿಸೌರಿಯದೇ ಉದಾಹರಣೆ ಇದೆ. 2015ರ ನವೆಂಬರ್ 9ರಂದು, ಜನಾಂಗ ತಾರತಮ್ಯದ ವಿರುದ್ಧ ನಡೆದ ಚಳವಳಿಯಿಂದ ಅಲ್ಲಿನ ಅಧ್ಯಕ್ಷರು ರಾಜೀನಾಮೆ ಕೊಟ್ಟ ದಿನ, ಪ್ರತಿಭಟನಾಕಾರರು ಬಯಲಿನಲ್ಲಿ ಕೈ ಕೈ ಹಿಡಿದು ಪತ್ರಕರ್ತರನ್ನ ಒಳಗೆ ಬಿಡಲಿಲ್ಲ. ತಡೆಯೋರ ಜೊತೆ ವಿಶ್ವವಿದ್ಯಾಲಯದ ಸಿಬ್ಬಂದಿಯೂ ಇದ್ದರು, ಸಂವಹನ ವಿಭಾಗದ ಸಹಾಯಕ ಪ್ರಾಧ್ಯಾಪಕಿಯೂ ಇದ್ದರು. ಎದುರಿಗೆ ಕ್ಯಾಮೆರಾ ಹಿಡಿದ ಒಬ್ಬ ವಿದ್ಯಾರ್ಥಿ. ತಳ್ಳಿದರೂ ಅವನು ದನಿ ಏರಿಸಲಿಲ್ಲ. ನಿಮಗೆ ಇಲ್ಲಿ ನಿಲ್ಲೋ ಹಕ್ಕು ಕೊಟ್ಟ ಅದೇ ಕಾನೂನು ನನಗೂ ಇಲ್ಲಿ ನಿಲ್ಲೋ ಹಕ್ಕು ಕೊಟ್ಟಿದೆ ಅನ್ನೋ ಅರ್ಥದಲ್ಲಿ ತಾಳ್ಮೆಯಿಂದ ಹೇಳುತ್ತಾ ನಿಂತ. ಆ ವಿಡಿಯೋವನ್ನ ನಾನು ಎಷ್ಟು ಸಲ ನೋಡಿದ್ದೀನೋ. ಆ ಬಯಲಲ್ಲಿ ಅವನ ಬದಲು ತೀರ್ಮಾನ ಮಾಡೋಕೆ ಯಾವ ಮೇಷ್ಟ್ರೂ ಇರಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿದ್ದ ದೊಡ್ಡವರಿಗೆ ಪಾಠ ಹೇಳಿದ್ದೇ ಅವನು.

ನಮ್ಮ ಕಸುಬಿನಲ್ಲೂ ಇಂಥದ್ದೊಂದಿದೆ, ಕೋಡ್ ರಿವ್ಯೂ. ನೀವು ಬರೆದ ಕೋಡನ್ನ ಇನ್ನೊಬ್ಬ ಸಹೋದ್ಯೋಗಿ ಓದಿ ಒಪ್ಪಿದ ಮೇಲೇ ಅದು ಮುಂದೆ ಹೋಗೋದು. ನಾನು ಕೆಲಸಕ್ಕೆ ಸೇರಿದಾಗ ನನಗಿಂತ ಒಂದೇ ವರ್ಷ ಹಿರಿಯಳಾದ ಹುಡುಗಿ ನನ್ನ ಕೋಡ್ ನೋಡುತ್ತಿದ್ದಳು. ಸಾಲು ಸಾಲಿಗೂ ಪ್ರಶ್ನೆ. ಬಿ.ಇ.ಯ ನಾಲ್ಕು ವರ್ಷದಲ್ಲಿ ಕಲಿಯದ್ದನ್ನ ಆ ಆರು ತಿಂಗಳಲ್ಲಿ ಕಲಿತೆ. ಆಮೇಲೆ ನನ್ನನ್ನೇ ರಿವ್ಯೂ ಮಾಡೋಕೆ ಹಾಕಿದರು. ಅವತ್ತು ಗೊತ್ತಾಯ್ತು, ಬೇರೆಯವರ ತಪ್ಪು ಹುಡುಕೋ ಮೊದಲು ನಾನೇ ಎಷ್ಟು ಓದಬೇಕು ಅಂತ. ಯಾಕಂದ್ರೆ ರಾತ್ರಿ ಸಿಸ್ಟಮ್ ಬಿದ್ದರೆ ಒಪ್ಪಿಗೆ ಕೊಟ್ಟವರ ಜಾಗದಲ್ಲಿ ನನ್ನ ಹೆಸರೂ ಇರುತ್ತೆ. ಆ ಹೆಸರಿಗೆ ಬೆಲೆ ಇಲ್ಲದಿದ್ದರೆ, ಅಂದರೆ ನಾನು ಬೇಡ ಅಂದರೂ ಕೋಡ್ ಮುಂದೆ ಹೋಗೋದಾದರೆ, ನಾನ್ಯಾಕೆ ಓದ್ತಿದ್ದೆ? ಕಣ್ಣು ಮುಚ್ಚಿ ಒಪ್ಪಿಗೆ ಒತ್ತಿ ಟೀ ಕುಡಿಯೋಕೆ ಹೋಗ್ತಿದ್ದೆ. ಪುಟ್ಟಿ 'ನಾನ್ಯಾಕೆ ತಿದ್ದಲಿ' ಅಂದಳಲ್ಲ, ಅದು ಸೋಮಾರಿತನ ಅಲ್ಲ. ತನ್ನ ಮಾತಿಗೆ ಬೆಲೆ ಇಲ್ಲ ಅನ್ನೋದು ಅವಳಿಗೆ ಗೊತ್ತಿತ್ತು ಅಷ್ಟೆ.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಪ್ರಿನ್ಸಿಪಾಲರ ಜಾಗದಲ್ಲಿ ನಿಂತು ನೋಡಿ. ಹುಡುಗರು ಏನೋ ಬರೆದರು, ಯಾರೋ ಮಾನನಷ್ಟ ಅಂತ ನೋಟಿಸು ಕೊಟ್ಟರು, ಮೇಲಿನಿಂದ ಫೋನು ಬಂತು. ಉತ್ತರ ಹೇಳಬೇಕಾದವರು ಅವರೇ. ಹುಡುಗಿಯ ಮನೆಯವರು ಬಂದು ನಮ್ಮ ಮಗಳನ್ನ ಯಾಕೆ ಇದರಲ್ಲಿ ಸಿಗಿಸಿದ್ರಿ ಅಂದರೆ? ಆ ಭಯ ಸುಳ್ಳಲ್ಲ. ಅಮೆರಿಕದಲ್ಲೂ ಕತ್ತರಿ ಇಲ್ಲ ಅಂತಲ್ಲ. ಅದೇ ಮಿಸೌರಿ ರಾಜ್ಯದ ಹೇಜಲ್‌ವುಡ್ ಅನ್ನೋ ಕಡೆ, ಹೈಸ್ಕೂಲಿನ ಪತ್ರಿಕೋದ್ಯಮ ತರಗತಿ ತರುತ್ತಿದ್ದ ಪತ್ರಿಕೆಯಿಂದ ಪ್ರಿನ್ಸಿಪಾಲರು ಎರಡು ಪುಟ ತೆಗೆದುಹಾಕಿದರು. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು, 1988ರಲ್ಲಿ ಸೋತರು. ಪತ್ರಿಕೆ ಪಾಠದ ಭಾಗ, ಆದ್ದರಿಂದ ಅದರ ಮೇಲೆ ಶಾಲೆಗೆ ಹಿಡಿತ ಇರಬಹುದು ಅಂತ ಕೋರ್ಟು ಹೇಳಿತು.

ಆದರೆ ಭಯಕ್ಕೆ ಮದ್ದು ಪೆನ್ನು ಕಸಿದುಕೊಳ್ಳೋದಲ್ಲ, ತಿದ್ದೋದನ್ನ ಗಟ್ಟಿ ಮಾಡೋದು. ನೀರಿನ ವರದಿಯನ್ನೇ ತಗೊಳ್ಳಿ. ಮೇಷ್ಟ್ರು ಕೇಳಬಹುದಾಗಿದ್ದ ಪ್ರಶ್ನೆಗಳು ಎಷ್ಟಿದ್ದವು! ನಾಲ್ಕು ದಿನ ಅನ್ನೋದಕ್ಕೆ ಲೆಕ್ಕ ಇಟ್ಟಿದ್ದೀಯಾ? ವಾರ್ಡನ್ ಹೇಳಿದ್ದನ್ನ ಪೂರ್ತಿ ಹಾಕಿದ್ದೀಯಾ? ನೀರು ಬಿಡೋದು ಪುರಸಭೆ, ಅವರನ್ನ ಕೇಳಿದೆಯಾ? ಪ್ರಿನ್ಸಿಪಾಲರ ಉತ್ತರ ತಗೊಂಡೆಯಾ? ಇಷ್ಟು ಕೇಳಿದ್ದರೆ ವರದಿ ಗಟ್ಟಿಯಾಗ್ತಿತ್ತು, ಬೇಜಾರು ಮಾಡ್ಕೊಳೋರಿಗೆ ಕಾರಣವೂ ಕಮ್ಮಿಯಾಗ್ತಿತ್ತು. ಅದೇ ಪ್ರಶ್ನೆಗಳನ್ನ ನಾಳೆ ಇವಳು ಜೂನಿಯರ್‌ಗೆ ಕೇಳ್ತಿದ್ದಳು. ಪಿಯರ್ ಮೆಂಟರ್ ಅನ್ನೋ ಪದಕ್ಕೆ ಆಗ ಅರ್ಥ ಬರ್ತಿತ್ತು. 'ಇದು ಬೇಡಮ್ಮ' ಅನ್ನೋ ಮಾತಿನಲ್ಲಿ ಕಲಿಯೋಕೆ ಏನಿದೆ? ಹೆದರೋದು ಒಂದನ್ನ ಬಿಟ್ಟರೆ ಏನೂ ಇಲ್ಲ. ಅವಳು ಅದನ್ನೇ ಜೂನಿಯರ್‌ಗೂ ದಾಟಿಸ್ತಾಳೆ.

ಪತ್ರಿಕೋದ್ಯಮ ವಿಭಾಗದ ಮೇಷ್ಟ್ರುಗಳಿಗೆ, ಈ ವಿಷಯದಲ್ಲಿ ಡಿಗ್ರಿ ಇಲ್ಲದ ನಾನು ಕೇಳೋದು ನಾಲ್ಕೇ. ಜೂನಿಯರ್ ಬರೆದಿದ್ದನ್ನ ಸೀನಿಯರ್ ಎದುರಿಗೆ ಕೂರಿಸಿಕೊಂಡು ತಿದ್ದಲಿ, ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಏನಾದರೂ ತೆಗೆಯಲೇಬೇಕು ಅಂದ್ರೆ ಕಾರಣವನ್ನ ಒಂದು ಹಾಳೆಯಲ್ಲಿ ಬರೆದು ಕೊಡಿ, ಬರೆ‍ಯೋಕೆ ನಾಚಿಕೆಯಾಗೋ ಕಾರಣ ಆಗಿದ್ದರೆ ತೆಗೆಯಬೇಡಿ. ಪ್ರತಿ ಸಂಚಿಕೆಯಲ್ಲೂ ತಿದ್ದುಪಡಿಗೆ ಅಂತ ನಾಲ್ಕು ಸಾಲಿನ ಜಾಗ ಇಡಿ, ಅದನ್ನ ತಪ್ಪು ಮಾಡಿದವರೇ ಬರೆಯಲಿ. ಇನ್ನು ವಿದ್ಯಾರ್ಥಿಯಿಂದ ತರಗತಿ ತಗೊಳ್ಳೋದಾದರೆ ಅದಕ್ಕೆ ತರಬೇತಿ ಕೊಡಿ, ಭತ್ಯೆಯನ್ನೋ ಕ್ರೆಡಿಟ್ಟನ್ನೋ ಕೊಡಿ. ಖಾಲಿ ಹುದ್ದೆ ತುಂಬಿಸೋ ಜವಾಬ್ದಾರಿ ಸರ್ಕಾರದ್ದು, ಹತ್ತೊಂಬತ್ತು ವರ್ಷದ ಹುಡುಗಿಯದ್ದಲ್ಲ.

ಇದೆಲ್ಲ ಯೋಚಿಸಿದ ಮೇಲೆ ಬೆಂಗಳೂರಿನಿಂದ ಪುಟ್ಟಿಗೆ ಫೋನ್ ಮಾಡಿ ಒಂದು ಮಾತು ಹೇಳಿದ್ದೆ. ಪ್ರಿಂಟ್ ಆಗೋ ಪತ್ರಿಕೆ ಸರ್‌ದೇ ಆಗಿರಲಿ ಬಿಡು, ಒಂದು ಭಿತ್ತಿಪತ್ರಿಕೆ ಮಾಡಿ, ಹಾಸ್ಟೆಲ್ಲಿನ ನೋಟಿಸ್ ಬೋರ್ಡ್ ಪಕ್ಕ ಅಂಟಿಸೋಕೆ ವಾರ್ಡನ್ ಹತ್ರ ಕೇಳು ಅಂತ. ಹ್ಞೂಂ ಅಂದಿದ್ದಳು. ಮಾಡ್ತಾಳೆ ಅಂತ ನನಗೆ ನಂಬಿಕೆ ಇರಲಿಲ್ಲ. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ರಾತ್ರಿ ಹತ್ತಕ್ಕೆ ಫೋನು.

"ಮಾಮ, ನೀರಿನ ಸುದ್ದಿ ಹಾಕಿದ್ವಿ. ಫಸ್ಟ್ ಇಯರ್ ಹುಡುಗಿ ಬರೆದಳು, ನಾನು ತಿದ್ದಿದೆ."

"ಏನಾಯ್ತು? ಯಾರಾದ್ರೂ ಬೈದ್ರಾ?"

"ಬೈದ್ರು. ಅದಿರಲಿ, ನಮ್ಮದೇ ಒಂದು ತಪ್ಪಾಗಿದೆ. ಟ್ಯಾಂಕು ಐದು ಸಾವಿರ ಲೀಟರಿಂದು, ಎರಡು ಸಾವಿರ ಅಂತ ಹಾಕಿಬಿಟ್ಟಿದ್ದೀವಿ. ಅವಳು ಬರೆದಿದ್ದನ್ನ ನಾನೂ ಕೇಳದೆ ಬಿಟ್ಟೆ. ತಿದ್ದುಪಡಿ ಹೆಂಗೆ ಬರೆಯೋದು ಮಾಮ? ಅವಳ ಹೆಸರು ಹಾಕಬೇಕಾ, ನನ್ನದಾ?"

"ನೀನೇನಂತೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಹಾಸ್ಟೆಲ್ಲಿನ ಹುಡುಗಿಯರ ಗಲಾಟೆ ಕೇಳಿಸ್ತಿತ್ತು.

"ಎಡಿಟರ್ ನಾನಲ್ವಾ? ನನ್ನದೇ ಹಾಕ್ತೀನಿ" ಅಂದು ಫೋನಿಟ್ಟಳು.